ತಗಡಿನ ಆಚೆ

"ಮತ್ತೆ ಬಂದ್ಬುಟ್ಟೆ ನೋಡಿ ಮೇಸ್ತ್ರಿ," ಎಂದು ಮಧುಗಿರಿ ಸ್ಟ್ಯಾಂಡಿನ ಟ್ಯಾಕ್ಸಿ ಡ್ರೈವರು ಜಯರಾಮಯ್ಯ ಕಾರಿನಿಂದ ಇಳಿಯುವುದಕ್ಕೂ ಮೊದಲೇ ಕೂಗಿದ. "ಮಿಡಿಗೇಶಿ ಹತ್ರ ದಿಬ್ಬ ಹತ್ತುಸ್ತಿದ್ರೆ, ಡಬ್ಬದೊಳಗೆ ಗೋಲಿ ಹಾಕಿ ಅಲ್ಲಾಡ್ಸದಂಗೆ ಕಿಣಿಕಿಣಿ ಅಂತದೆ. ಹಿಂದ್ಗಡೆ ಕೂತಿದ್ದ ಮದುವೆ ಹೆಣ್ಣಿನ ಸೋದರಮಾವ, ಇಳ್ದು ನಡ್ಕೊಂಡೋಗ್ಲಾ ಅಂತ ಕೇಳ್ಬುಟ್ಟ. ನನ್ ಮರ್ವಾದೆ ಏನಾಗ್ಬೇಕು?"

ಹಿದಾಯತುಲ್ಲಾ ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ನಕ್ಕ. ನಗದೆ ಬೇರೆ ದಾರಿ ಇರಲಿಲ್ಲ. ಇದೇ ಅಂಬಾಸಿಡರನ್ನು ಹೋದ ವಾರ ತಾನೇ ಸರಿಮಾಡಿ ಕಳಿಸಿದ್ದ. ಅದಕ್ಕೂ ಹಿಂದೆ ಒಮ್ಮೆ ಸರಿಮಾಡಿದ್ದ. ಆಗ ಜಯರಾಮಯ್ಯ ತಂದ ದೂರೇ ಬೇರೆ: ಗಾಡಿ ಎಳೆಯುವುದಿಲ್ಲ, ಸಿದ್ದರಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ರೇಡಿಯೇಟರು ಕುದಿಯುತ್ತದೆ, ದೇವರ ದರ್ಶನಕ್ಕೆ ಬಂದವರೇ ಬಿಂದಿಗೆ ಹಿಡಿದು ನೀರು ಹುಡುಕಿಕೊಂಡು ಹೋಗಬೇಕಾಯಿತು ಎಂದು.

ಎರಡೂ ಕಾಯಿಲೆ ಒಂದೇ ಜಾಗದ್ದು. ಇಂಜಿನ್ನಿನ ಒಳಗೆ ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು ಎಂದು ಹೇಳುವುದು ಡಿಸ್ಟ್ರಿಬ್ಯೂಟರು. ಅದನ್ನು ಒಂದಿಷ್ಟು ಮುಂದಕ್ಕೆ ತಿರುಗಿಸಿದರೆ ಕಿಡಿ ಬೇಗ ಹಾರಿ ಇಂಜಿನ್ನು ಕಿಣಿಕಿಣಿ ಎಂದು ನಾಕ್ ಹೊಡೆಯುತ್ತದೆ. ಹಿಂದಕ್ಕೆ ತಿರುಗಿಸಿದರೆ ಕಿಡಿ ತಡವಾಗಿ, ಗಾಡಿ ಸೋಮಾರಿಯಾಗಿ ಬಿಸಿಯೇರುತ್ತದೆ. ನಡುವೆ ಎಲ್ಲೋ ಒಂದು ಜಾಗ ಇದೆ. ರೇಸ್ ಕೊಡುತ್ತಾ, ಸಣ್ಣಗೆ ಕಿಣಿಕಿಣಿ ಶುರುವಾಗುವ ತನಕ ಮುಂದಕ್ಕೆ ತಿರುಗಿಸಿ, ಆಮೇಲೆ ಅದು ಅಡಗುವಷ್ಟು ಮಾತ್ರ ಹಿಂದಕ್ಕೆ ತಂದು ನಟ್ಟು ಬಿಗಿದುಬಿಡಬೇಕು. ದಿಬ್ಬದ ಮೇಲೆ ಕೇಳುವ ದೊಡ್ಡ ಕಿಣಿಕಿಣಿ ಯಾರಿಗಾದರೂ ಗೊತ್ತಾಗುತ್ತದೆ. ಅದು ಹುಟ್ಟುವ ಮೊದಲ ಸದ್ದು ಪಳಗಿದ ಕಿವಿಗೆ ಮಾತ್ರ. ಕೊರಟಗೆರೆಯಿಂದ ಪಾವಗಡದ ತನಕ ಡ್ರೈವರುಗಳು ಟೀ ಕುಡಿಯುತ್ತಾ ಹೇಳುತ್ತಿದ್ದರು, ಶಿರಾದ ಹಿದಾಯತುಲ್ಲಾನ ಕಿವಿ ಬಿಟ್ಟರೆ ಕಿವಿ ಇಲ್ಲ ಎಂದು.

ಆ ಕಿವಿಯಲ್ಲಿ ಕಿಣಿಕಿಣಿ ಸತ್ತು ಎಷ್ಟೋ ವರ್ಷವಾಗಿತ್ತು.

ಪೂರ್ತಿ ಕಿವುಡೇನಲ್ಲ. ಲಾರಿಯ ಹಾರನ್ನು, ಜಯರಾಮಯ್ಯನಂಥವರ ದಪ್ಪ ಗಂಟಲು, ಸುತ್ತಿಗೆಯ ಏಟು ಎಲ್ಲ ಕೇಳುತ್ತಿದ್ದವು. ಸಣ್ಣ ಸದ್ದುಗಳು ಮಾತ್ರ ಹೇಳದೆ ಕೇಳದೆ ಒಂದೊಂದಾಗಿ ಹೊರಟುಹೋಗಿದ್ದವು. ಮೊದಲು ಗುಬ್ಬಿ, ಆಮೇಲೆ ಸೈಕಲ್ಲಿನ ಗಂಟೆ, ಆಮೇಲೆ ಹೆಂಗಸರ ಮಾತು. ಹೆಂಡತಿ ಅಫ್ಜಲುನ್ನೀಸಾ ಎದುರಿಗೆ ನಿಂತು ತುಟಿ ಕಾಣುವಂತೆ ಮಾತಾಡಿದರೆ ತಿಳಿಯುತ್ತಿತ್ತು. ಮಗಳು ಜಹೀದಾಳದು ಮೊದಲೇ ಎಳೆಯಂಥ ದನಿ. ಯಾರು ಏನು ಹೇಳಿದರೂ ಹಿದಾಯತುಲ್ಲಾ "ಹ್ಞೂಂ, ಹ್ಞೂಂ" ಎಂದು ನಕ್ಕುಬಿಡುತ್ತಿದ್ದ. ಊರು ಅವನನ್ನು ಬಹಳ ಒಳ್ಳೆಯ ಸ್ವಭಾವದ ಮನುಷ್ಯ ಎಂದುಕೊಂಡಿತ್ತು.

ಕಿವಿ ಹೋದ ಮೆಕ್ಯಾನಿಕ್ಕಿನ ಹತ್ತಿರ ಗಾಡಿ ಬಿಡುವವರು ಯಾರು? ಅದಕ್ಕೇ ಮನೆಯವರು ಸೇರಿ ಒಂದು ಉಪಾಯ ಮಾಡಿಕೊಂಡಿದ್ದರು. ಬುಕ್ಕಾಪಟ್ಟಣ ರಸ್ತೆಯ ಪಕ್ಕದ ಆ ಶೆಡ್ಡಿಗೂ ಹಿಂದಿನ ಅಡುಗೆಮನೆಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಗಾಡಿಯನ್ನು ಅದರ ಪಕ್ಕಕ್ಕೇ ತಂದು ನಿಲ್ಲಿಸಿ, ಹಿದಾಯತುಲ್ಲಾ ಬಲಗೈಯಲ್ಲಿ ಡಿಸ್ಟ್ರಿಬ್ಯೂಟರು ಹಿಡಿದು, ಎಡ ಅಂಗೈಯನ್ನು ಸುಮ್ಮನೆ ಆಸರೆಗೆ ಎನ್ನುವಂತೆ ತಗಡಿಗೆ ಊರಿ ನಿಲ್ಲುತ್ತಿದ್ದ. ಡ್ರೈವರು ರೇಸ್ ಕೊಡುತ್ತಿದ್ದ. ನಾಕ್ ಶುರುವಾಯಿತೋ, ಆಚೆಯಿಂದ ಸೌಟಿನ ಹಿಡಿ ತಗಡನ್ನು ಮೆಲ್ಲಗೆ ತಟ್ಟುತ್ತಿತ್ತು. ನಾಕ್ ನಿಂತಿತೋ, ತಟ್ಟುವುದೂ ನಿಂತಿತು. ಇಂಜಿನ್ನಿನ ಅಬ್ಬರದಲ್ಲಿ ಆ ಟಕ್ ಟಕ್ ಬೇರೆಯವರಿಗೆ ಕೇಳುತ್ತಿರಲಿಲ್ಲ, ಇವನಿಗೂ ಕೇಳುತ್ತಿರಲಿಲ್ಲ. ಅಂಗೈಗೆ ತಿಳಿಯುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡು ನಿಲ್ಲುವುದನ್ನು ನೋಡಿ ಡ್ರೈವರುಗಳು, ಮೇಸ್ತ್ರಿ ಇಂಜಿನ್ನಿನ ಜೊತೆ ಮಾತಾಡುತ್ತಾನೆ ಎಂದು ಹೇಳಿಕೊಳ್ಳುತ್ತಿದ್ದರು.

ಈಗ ಆ ಉಪಾಯವೇ ಕೆಟ್ಟು ಕೂತಿತ್ತು.

"ರೇಸ್ ಕೊಡಿ," ಎಂದ ಹಿದಾಯತುಲ್ಲಾ. ಜಯರಾಮಯ್ಯ ಕೊಟ್ಟ. ಅಂಗೈ ಕೆಳಗೆ ಟಕ್ ಟಕ್ ಎಂದಿತು. ಇನ್ನೂ ನಟ್ಟನ್ನೇ ಸಡಿಲಿಸಿರಲಿಲ್ಲ. ಸರಿ ಎಂದು ಅದನ್ನು ಸಡಿಲಿಸಿ ಹಿಂದಕ್ಕೆ ತಿರುಗಿಸಿದ. ನಿಂತಿತು. ಇನ್ನಷ್ಟು ಹಿಂದಕ್ಕೆ ತಿರುಗಿಸಿದರೆ ಮತ್ತೆ ಶುರುವಾಯಿತು. ಹಿಂದಕ್ಕೆ ತಂದಷ್ಟೂ ನಾಕ್ ಹೊಡೆಯುವ ಇಂಜಿನ್ನು ಲೋಕದಲ್ಲಿ ಎಲ್ಲಿದೆ? ಮುಂದಕ್ಕೆ ತಂದ, ಸುಮ್ಮನಾಯಿತು. ಇನ್ನೂ ಮುಂದಕ್ಕೆ ತಂದ, ಆಗಲೂ ಸುಮ್ಮನೆ. ಅಷ್ಟರಲ್ಲಿ ಜಯರಾಮಯ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಅರಚಿದ, "ಮೇಸ್ತ್ರೀ, ಇದೇ ಸದ್ದು ಕಣ್ರೀ! ಕೇಳುಸ್ತಾ ಇಲ್ವಾ?"

"ಕೇಳುಸ್ತದೆ, ಕೇಳುಸ್ತದೆ," ಎಂದು ಹಿದಾಯತುಲ್ಲಾ ನಕ್ಕ.

ಜಯರಾಮಯ್ಯ ಇಂಜಿನ್ ಆಫ್ ಮಾಡಿ ಇಳಿದು ಬಂದ. "ನೋಡಿ, ನಾಳೆ ಪಾವಗಡದಿಂದ ಒಂದು ಮದುವೆ ದಿಬ್ಬಣ ಕರ್ಕೊಂಡ್ ಬರ್ಬೇಕು. ಗಾಡಿ ಇಲ್ಲೇ ಇರ್ಲಿ. ನಾನು ಬಸ್ಸಿಗೆ ಹೋಗಿ ಬೆಳಿಗ್ಗೆ ಬತ್ತೀನಿ. ನಿಮ್ ಮೇಲೆ ನನಗೇನೂ ಸಿಟ್ಟಿಲ್ಲ ಮೇಸ್ತ್ರಿ. ಆದ್ರೆ ನಾಳೆನೂ ಹಿಂಗೇ ಆದ್ರೆ ತುಮಕೂರಿಗೆ ತಗೊಂಡೋಯ್ತೀನಿ. ಆಮೇಲೆ ಬ್ಯಾಸರ ಮಾಡ್ಕಬ್ಯಾಡಿ."

ಜಯರಾಮಯ್ಯ ತುಮಕೂರಿಗೆ ಹೋದರೆ ಮಧುಗಿರಿ ಸ್ಟ್ಯಾಂಡಿನ ಟ್ಯಾಕ್ಸಿಗಳೆಲ್ಲ ಅವನ ಹಿಂದೆ ಹೋಗುತ್ತವೆ. ಹೋಗುವಾಗ ಏನು ಮಾತಾಡಿಕೊಳ್ಳುತ್ತವೆ ಎಂಬುದೂ ಹಿದಾಯತುಲ್ಲಾನಿಗೆ ಗೊತ್ತಿತ್ತು.

ಅವನು ಹೊರಟಮೇಲೆ ಹಿದಾಯತುಲ್ಲಾ ಕಾರನ್ನು ಬಿಟ್ಟು ತಗಡನ್ನು ಪರೀಕ್ಷೆ ಮಾಡತೊಡಗಿದ. ಗಾಡಿ ಕೆಟ್ಟರೆ ಹುಡುಕಲು ಒಂದು ಕ್ರಮ ಇದೆ: ಪೆಟ್ರೋಲು ಬರುತ್ತಿದೆಯಾ, ಕಿಡಿ ಬರುತ್ತಿದೆಯಾ, ಗಾಳಿ ಬರುತ್ತಿದೆಯಾ. ಇದಕ್ಕೆ ಯಾವ ಕ್ರಮ? ತಗಡಿನ ಮೊಳೆಗಳು ತುಕ್ಕು ಹಿಡಿದಿದ್ದವು, ಕಿತ್ತು ಹೊಸ ಮೊಳೆ ಹೊಡೆದ. ಆಚೆ ಕಡೆ ಒರಗಿಸಿದ್ದ ಇದ್ದಿಲ ಚೀಲ ಸದ್ದು ನುಂಗುತ್ತಿರಬಹುದು ಎಂದು ಅದನ್ನು ಹಿತ್ತಿಲಿಗೆ ಎಳೆದ. ಎಡ ಅಂಗೈ ಜಡ್ಡುಗಟ್ಟಿದೆಯೇನೋ ಎಂದು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದ. ಒಳಗೆ ಹೆಂಡತಿಗೆ ಸನ್ನೆ ಮಾಡಿ, ಕಾರ್ಬುರೇಟರಿನ ಕಡ್ಡಿಯನ್ನು ತಾನೇ ಎಳೆದು ರೇಸ್ ಕೊಟ್ಟು, ಅಂಗೈ ಊರಿ ನೋಡಿದ. ಟಕ್ ಟಕ್ ಬಲು ಸ್ಪಷ್ಟವಾಗಿ ಬಂತು. ಬರಬಾರದ ಜಾಗದಲ್ಲಿ ಬಂತು.

ಹಾಗಾದರೆ ತಗಡು ಸರಿಯಿದೆ, ಕೈ ಸರಿಯಿದೆ. ಉಳಿದದ್ದು ಅಫ್ಜಲುನ್ನೀಸಾ.

ಅವಳಿಗೂ ಕಿವಿ ಮಂದವಾಯಿತೇ? ಹಾಗೆಂದು ಹೆಂಡತಿಯನ್ನು ಕೇಳುವುದಾದರೂ ಹೇಗೆ? ಅವಳು ಬೆನ್ನು ತಿರುಗಿಸಿಕೊಂಡು ಅಕ್ಕಿ ಆರಿಸುತ್ತಿದ್ದಾಗ ಮೆಲ್ಲಗೆ ಹೋಗಿ ಒಂದು ಸಣ್ಣ ವಾಷರನ್ನು ನೆಲಕ್ಕೆ ಬಿಟ್ಟ. ಅದು ಬಿದ್ದದ್ದು ಅವನಿಗೆ ಕೇಳಲಿಲ್ಲ. ಅವಳು ತಟ್ಟನೆ ತಿರುಗಿ ನೋಡಿದಳು.

"ಏನ್ ಬೀಳಿಸಿದ್ರಿ?"

"ಏನಿಲ್ಲ."

ಕಿವಿ ಚೆನ್ನಾಗಿದೆ. ಕಿವಿ ಚೆನ್ನಾಗಿದ್ದೂ ತಪ್ಪು ತಟ್ಟುತ್ತಾಳೆ ಎಂದರೆ ಮನಸ್ಸು ಕೆಟ್ಟಿರಬೇಕು. ಇದ್ದ ಒಬ್ಬ ಮಗಳನ್ನು ಪಾವಗಡದಷ್ಟು ದೂರಕ್ಕೆ ಕೊಟ್ಟದ್ದು ಇವಳಿಗೆ ಇಷ್ಟವಿರಲಿಲ್ಲವೇ? ಹುಡುಗನ ತಂದೆ ಬುಡನ್ ಸಾಬರದು ಸಂತೆಬೀದಿಯಲ್ಲಿ ಕಲಾಯಿ ಅಂಗಡಿ, ಒಳ್ಳೆಯ ಜನ. ಹುಡುಗನಿಗೆ ಬೀಡಿಯ ಚಟ ಕೂಡ ಇಲ್ಲ. ಆದರೂ ಕೆಡುಕು ಶುರುವಾದದ್ದು ಮದುವೆಯಾದ ಮೇಲೇ ಎಂಬುದು ನಿಜ. ಮೊದಲ ವಾರದಿಂದಲೇ ಒಂದಲ್ಲ ಒಂದು ಗಾಡಿ ತಿರುಗಿ ಬರತೊಡಗಿತ್ತು.

ನಡುವೆ ಒಂದು ಶುಕ್ರವಾರ ಮಾತ್ರ ಎಲ್ಲ ಸರಿಯಾಗಿತ್ತು. ಅವತ್ತು ಮಗಳು ಅಳಿಯ ಜುಮಾಗಿ ಊಟಕ್ಕೆ ಬಂದಿದ್ದರು. ಮದುವೆಯಾದ ಹೊಸದರಲ್ಲಿ ಶುಕ್ರವಾರ ಕರೆದು ಉಣಬಡಿಸುವ ಪದ್ಧತಿ ಅದು. ಬಿರಿಯಾನಿ ಉಂಡು ಅಳಿಯ ನಿದ್ದೆ ಹೋಗಿದ್ದ ಮಧ್ಯಾಹ್ನ ಹುಲಿಕುಂಟೆಯವರ ಹಳೇ ಜೀಪು ಬಂತು. ಹಿದಾಯತುಲ್ಲಾ ತಗಡಿಗೆ ಕೈ ಊರಿದ. ಟಕ್ ಟಕ್, ನಿಂತಿತು. ಒಂದೇ ಸಲಕ್ಕೆ ಜಾಗ ಸಿಕ್ಕಿತ್ತು. ಆ ಜೀಪು ಇವತ್ತಿಗೂ ತಿರುಗಿ ಬಂದಿಲ್ಲ. ಅದನ್ನು ನೆನೆದು ಹಿದಾಯತುಲ್ಲಾ ತಲೆ ಕೆರೆದುಕೊಂಡ. ಶುಕ್ರವಾರಕ್ಕೂ ತಗಡಿಗೂ ಏನು ಸಂಬಂಧ? ಮಗಳು ಬಂದ ಸಂತೋಷಕ್ಕೆ ಹೆಂಡತಿ ಅವತ್ತು ಸರಿಯಾಗಿ ತಟ್ಟಿದಳೇ? ಹಾಗಿದ್ದರೆ ಉಳಿದ ದಿನ ಬೇಕೆಂದೇ ತಪ್ಪು ತಟ್ಟುತ್ತಿದ್ದಾಳೆ!

ಹೀಗೆ ಯೋಚಿಸಿದ್ದೇ ಅವನಿಗೆ ರೇಗಿಹೋಯಿತು. ಊಟಕ್ಕೆ ಕೂತವನು ತಟ್ಟೆಯನ್ನು ಸರಿಸಿದ.

"ಅಲ್ಲ, ಇಷ್ಟು ವರ್ಷ ಸರಿಯಾಗಿ ತಟ್ಟಿದವಳು ನೀನು. ಈಗೇನಾಗಿದೆ ನಿನಗೆ? ನನ್ನ ಮೇಲೆ ಸಿಟ್ಟಿದ್ದರೆ ಬೈದುಬಿಡು. ಹೊಟ್ಟೆ ಮೇಲೆ ಯಾಕೆ ಹೊಡೀತೀಯ?"

ಅಫ್ಜಲುನ್ನೀಸಾ ಸೌಟು ಹಿಡಿದುಕೊಂಡೇ ಅವನ ಮುಖ ನೋಡಿದಳು. ಅವಳಿಗೆ ಅರ್ಥವಾದಂತೆ ಕಾಣಲಿಲ್ಲ. ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತು, ಅವನಿಗೆ ತಿಳಿಯುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಇಷ್ಟು ವರ್ಷ ನಾನೆಲ್ಲಿ ತಟ್ಟಿದೆ? ಜಹೀದಾ ಅಲ್ವಾ?"

"ಯಾರು?"

"ಜಹೀದಾ. ಸ್ಕೂಲು ಬಿಟ್ಟು ಮನೇಲಿ ಕೂತಾಗಿಂದ ಅವಳೇ. ಮೊದಮೊದಲು ನಾನು ತಟ್ಟುವಾಗ ದಿನಾ ಬೈತಿದ್ರಲ್ಲ, ನೆನಪಿಲ್ವಾ? ನನಗೆ ಎಲ್ಲ ಇಂಜಿನ್ನೂ ಒಂದೇ ಥರ ಕೇಳುತ್ತೆ. ನಂಗೆ ಕೊಡು ಅಂತ ಅವಳು ಒಂದಿನ ಸೌಟು ಕಿತ್ಕೊಂಡಳು. ಆಮೇಲೆ ನೀವು ಬೈಯೋದು ನಿಂತುಹೋಯ್ತು."

"ನನಗೆ ಯಾರೂ ಹೇಳಲಿಲ್ಲ," ಎಂದ ಹಿದಾಯತುಲ್ಲಾ.

"ಯಾ ಅಲ್ಲಾ! ಅವಳೇ ಹೇಳಿದಳಲ್ಲ. ನಿಖಾಗೆ ಮುಂಚೆ, ಶೆಡ್ಡಿನ ಬಾಗಿಲಲ್ಲಿ ನಿಂತ್ಕೊಂಡು. ಅಬ್ಬಾ, ಅಮ್ಮಿಗೆ ಆ ಸದ್ದು ತಿಳಿಯಲ್ಲ, ನಾನು ಹೋದಮೇಲೆ ನಿಮ್ಮ ಕೆಲಸ ಹೆಂಗೆ ನಡೆಯುತ್ತೆ, ಇಲ್ಲೇ ಶಿರಾದಲ್ಲಿ ಎಲ್ಲಾದರೂ ನೋಡಬಾರದಾ ಅಂತ. ನಾನು ಒಳಗಿಂದ ಕೇಳ್ತಾ ಇದ್ದೆ. ನೀವು ಹ್ಞೂಂ ಹ್ಞೂಂ ಅಂತ ನಕ್ಕು ಅವಳ ತಲೆ ಸವರಿದ್ರಿ. ಒಳಗೆ ಬಂದು ಅತ್ಲು. ಅಬ್ಬಾಗೆ ಎಲ್ಲ ಗೊತ್ತು, ಆದರೂ ಹೋಗು ಅಂತಾರೆ ಅಂತ. ನಿಮಗೆ ಗೊತ್ತು ಅಂತಾನೇ ನಾನೂ ಸೌಟು ಹಿಡಿದು ಕಲಿಯೋಕೆ ನೋಡ್ತಾ ಇದೀನಿ. ಕಲಿಯೋಕೆ ಆಗ್ತಿಲ್ಲ. ನಾನೇನ್ ಮಾಡಲಿ?"

ಅವಳ ಕಣ್ಣಲ್ಲಿ ನೀರು ಬಂತು. ಹಿದಾಯತುಲ್ಲಾ ತಟ್ಟೆಯನ್ನೇ ನೋಡುತ್ತಾ ಕೂತ. ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳ ಬೆನ್ನ ಹಿಂದೆ ಬಿಸಿಲು ಇದ್ದುದರಿಂದ ತುಟಿ ಕಂಡಿರಲಿಲ್ಲ. ಮದುವೆಯಾಗುವ ಹುಡುಗಿ, ತಂದೆಯ ದುವಾ ಕೇಳಲು ಬಂದಿದ್ದಾಳೆ ಎಂದುಕೊಂಡಿದ್ದ. ತಲೆ ಸವರಿ ಕಳಿಸಿ, ಮಗಳೆಂದರೆ ಹೀಗಿರಬೇಕು ಎಂದು ಒಳಗೊಳಗೇ ಹಿಗ್ಗಿದ್ದ. ಆ ದನಿ ಹೇಗಿತ್ತು ಎಂದು ನೆನೆಯಲು ನೋಡಿದ. ಪುಟ್ಟ ಹುಡುಗಿಯಾಗಿದ್ದಾಗಿನ ದನಿ ನೆನಪಾಯಿತೇ ಹೊರತು, ಬೆಳೆದ ಮಗಳ ದನಿ ಹೇಗಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಜಯರಾಮಯ್ಯ ಬಂದಾಗ ಹಿದಾಯತುಲ್ಲಾ ತೊಳೆದ ಅಂಗಿ ಹಾಕಿ, ಸ್ಪ್ಯಾನರು ಜೇಬಿಗಿಟ್ಟುಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದ.

"ಏನ್ ಮೇಸ್ತ್ರಿ, ಸರಿಹೋಯ್ತಾ?"

"ಇಲ್ಲ. ನಾನೂ ಬತ್ತೀನಿ ನಡೀರಿ. ಪಾವಗಡದಲ್ಲಿ ಸರಿಮಾಡ್ತೀನಿ."

"ಪಾವಗಡದಲ್ಲಾ? ಇಲ್ಲಾಗ್ದೆ ಇದ್ದದ್ದು ಅಲ್ಲೆಂಗೆ ಆಯ್ತದೆ?"

"ಹ್ಞೂಂ," ಎಂದು ಹಿದಾಯತುಲ್ಲಾ ನಗಲು ನೋಡಿದ. ನಗು ಬರಲಿಲ್ಲ.

ಮಧುಗಿರಿ ದಾಟಿ ಮಿಡಿಗೇಶಿಯ ದಿಬ್ಬ ಬಂದಾಗ ಜಯರಾಮಯ್ಯ, "ಕೇಳಿ, ಈಗ ಕೇಳಿ!" ಎಂದು ಸ್ಟಿಯರಿಂಗ್ ಬಡಿದ. ಹಿದಾಯತುಲ್ಲಾ ತಲೆಯಾಡಿಸಿದ. ಅವನಿಗೆ ಕೇಳಿದ್ದು ಗೇರಿನ ಗೊರಗೊರ ಮಾತ್ರ. ಕಾಲ ಬುಡದಲ್ಲಿ ಏನೋ ನಡುಗುತ್ತಿತ್ತು. ಎದುರಿಗೆ ಕೋಟೆಯ ಬಂಡೆ ಬಿಸಿಲಿಗೆ ಕಾದು ನಿಂತಿತ್ತು. ಅವನು ದಾರಿಯುದ್ದಕ್ಕೂ ಒಂದೇ ಮಾತನ್ನು ತಿರುವಿ ಹಾಕುತ್ತಿದ್ದ: ಹೋಗಿ ಏನೆಂದು ಹೇಳುವುದು? ಬೀಗರ ಮನೆಗೆ ಹೇಳಿ ಕಳಿಸದೆ, ಬರಿಗೈಯಲ್ಲಿ, ಬೆಳಿಗ್ಗೆಯೇ ಹೋಗಿ ನಿಲ್ಲುವುದು ಎಲ್ಲಾದರೂ ಉಂಟೇ? ನಿಂತರೂ, ಮಗಳು ಏನಾದರೂ ಅಂದರೆ ಅದೂ ಕೇಳಿಸದೆ ಮತ್ತೆ ಹ್ಞೂಂ ಎಂದುಬಿಟ್ಟರೆ? ಅವನಿಗೆ ಅವಮಾನವಾಗುತ್ತಿತ್ತು, ಭಯವೂ ಆಗುತ್ತಿತ್ತು.

ಪಾವಗಡ ಬಂದಾಗ ಸಂತೆಬೀದಿಗೆ ತಿರುಗುತ್ತಿದ್ದ ಜಯರಾಮಯ್ಯನನ್ನು ತಡೆದು, "ಹಿಂದಿನ ಗಲ್ಲಿಗೆ ಹಾಕಿ," ಎಂದ. ಬುಡನ್ ಸಾಬರ ಮನೆಗೆ ಮುಂದೆ ಕಲಾಯಿ ಅಂಗಡಿ, ಹಿಂದೆ ಹಿತ್ತಿಲು. ಹಿತ್ತಿಲಿಗೆ ಒಂದು ಅಗಲವಾದ ತಗಡಿನ ಬಾಗಿಲಿತ್ತು. ಅದರ ಆಚೆಯೇ ಪಾತ್ರೆ ತೊಳೆಯುವ ಕಲ್ಲು, ಅದರ ಪಕ್ಕ ಅಡುಗೆಮನೆ ಎಂಬುದನ್ನು ಮದುವೆಯ ದಿನ ಕೈ ತೊಳೆಯಲು ಹೋದಾಗ ನೋಡಿದ್ದ.

"ಇನ್ನೂ ಹತ್ರಕ್ಕೆ. ಬಾಗಿಲ ಪಕ್ಕಕ್ಕೇ. ಹ್ಞಾಂ, ಸಾಕು."

"ಅಲ್ಲ ಮೇಸ್ತ್ರಿ, ಈ ಸಂದೀಲಿ ಬಾನೆಟ್ ಬಿಚ್ಚೋದಾ? ಮುಂದ್ಗಡೆ ಬಯಲೈತಲ್ಲ?"

"ಇಲ್ಲೇ."

ಎದುರು ಮನೆಯ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಪೆದ್ದಮ್ಮ ಎಂಬ ಮುದುಕಿ ಎದ್ದು ಬಂದು, ಯಾರು ಬೇಕು, ಮನೆಯ ಬಾಗಿಲು ಮುಂದಿದೆ ಎಂದು ಅರ್ಧ ತೆಲುಗಿನಲ್ಲಿ ಹೇಳಿದಳು. "ಎವರು ಕಾವಾಲ ಸಾಮೀ? ಬುಡನ್ ಸಾಬ್ ಇಲ್ಲು ಮುಂದ್ಗಡೆ ಐತೆ. ಇದಿ ಹಿತ್ಲು ಕದಾ!" ಅವಳಿಗೂ ಹಿದಾಯತುಲ್ಲಾ ಹ್ಞೂಂ ಎಂದ.

ಬಾನೆಟ್ ಎತ್ತಿ, ನಟ್ಟು ಸಡಿಲಿಸಿ, ಬಲಗೈಯಲ್ಲಿ ಡಿಸ್ಟ್ರಿಬ್ಯೂಟರು ಹಿಡಿದ. ಎಡ ಅಂಗೈಯನ್ನು ತಗಡಿನ ಬಾಗಿಲಿಗೆ ಊರಿದ. ಬಿಸಿಲಿಗೆ ಕಾದ ತಗಡು ಚುರ್ ಎಂದಿತು. ಕೈ ತೆಗೆಯಲಿಲ್ಲ.

"ರೇಸ್ ಕೊಡಿ."

ಏನೂ ಇಲ್ಲ. ಇಂಜಿನ್ನಿನ ನಡುಕ ಮಾತ್ರ.

"ಇನ್ನೊಂದ್ಸಲ."

ಏನೂ ಇಲ್ಲ. ಮನೆಯಲ್ಲಿಲ್ಲವೇನೋ. ಇದ್ದರೂ ಪಾತ್ರೆಗಳ ನಡುವೆ ಇದ್ದಾಳೇನೋ. ಇಲ್ಲ, ಕೇಳಿಸಿದರೂ ತನಗೇನು ಎಂದು ಸುಮ್ಮನೆ ಕೂತಿದ್ದಾಳೇನೋ. ಹಾಗೆ ಕೂತಿದ್ದರೂ ತಪ್ಪೇನು? ತನ್ನ ಮಾತು ಕೇಳಿಸಿಕೊಳ್ಳದವನ ಸದ್ದನ್ನು ಅವಳು ಯಾಕೆ ಕೇಳಿಸಿಕೊಳ್ಳಬೇಕು?

"ಸಾಕಾ ಮೇಸ್ತ್ರಿ?"

"ಕೊಡಿ, ಕೊಡಿ."

ಇಂಜಿನ್ನು ಏರಿತು. ಅಂಗೈ ಕೆಳಗೆ, ಟಕ್ ಟಕ್ ಟಕ್.

ಹಿದಾಯತುಲ್ಲಾ ಕಣ್ಣು ಮುಚ್ಚಿದ. ಆ ಕಾರಿನ ಸದ್ದು ಅವಳಿಗೆ ಹೊಸದಲ್ಲ. ಅವನು ಬಲಗೈಯನ್ನು ತುಸು ಹಿಂದಕ್ಕೆ ತಿರುಗಿಸಿದ. ಟಕ್ ಟಕ್. ಇನ್ನೂ ತುಸು. ಟಕ್. ಇನ್ನೊಂದು ಚೂರು. ನಿಂತಿತು. ತಿರುಗಿ ರೇಸ್ ಕೊಡಿಸಿದ, ತಗಡು ಮೌನವಾಗಿತ್ತು. ಸ್ಪ್ಯಾನರು ಹಾಕಿ ನಟ್ಟು ಬಿಗಿದ.

ಜಯರಾಮಯ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಮುಖ ಅರಳಿತ್ತು. "ಆಹಾ! ಹೊಸ ಗಾಡಿ ಆದಂಗಾಯ್ತಲ್ರೀ! ಎಂಥದ್ ಇದು, ಈ ಊರಿನ್ ಗಾಳಿ ಗುಣವಾ? ನಡೀರಿ, ದಿಬ್ಬಣದೋರು ಕಾಯ್ತಿರ್ತಾರೆ."

ಕೆಲಸ ಮುಗಿದಿತ್ತು. ಬಾನೆಟ್ ಹಾಕಿ ಹೊರಡುವುದಷ್ಟೇ ಉಳಿದಿತ್ತು. ಮಧುಗಿರಿ ಸ್ಟ್ಯಾಂಡಿನಲ್ಲಿ ಇವತ್ತು ಸಾಯಂಕಾಲವೇ ಅವನ ಹೆಸರು ಮತ್ತೆ ಮೊದಲಿನಂತೆ ಓಡಾಡುತ್ತದೆ. ಹಿದಾಯತುಲ್ಲಾ ತಗಡಿನ ಮೇಲಿನ ಕೈ ತೆಗೆಯಲಿಲ್ಲ. ತಗಡು ಬರೀ ಬಿಸಿಯಾಗಿತ್ತು, ಅದರ ಆಚೆ ಯಾರೂ ಇಲ್ಲದಂತಿತ್ತು. ಅವನು ಸ್ಪ್ಯಾನರನ್ನು ಮತ್ತೆ ಹಾಕಿ, ಬಿಗಿದ ನಟ್ಟನ್ನು ಸಡಿಲಿಸಿದ. ಡಿಸ್ಟ್ರಿಬ್ಯೂಟರನ್ನು ಮುಂದಕ್ಕೆ, ಯಾವ ಮೇಸ್ತ್ರಿಯೂ ತಿರುಗಿಸದಷ್ಟು ಮುಂದಕ್ಕೆ ತಿರುಗಿಸಿದ.

"ಏಯ್, ಏನ್ ಮಾಡ್ತೀರಿ? ಸರಿಯಾಗಿತ್ತಲ್ಲಾ ಮೇಸ್ತ್ರಿ!"

"ಒಂದ್ಸಲ ರೇಸ್ ಕೊಡಿ ಜಯರಾಮಯ್ಯನೋರೆ. ನಿಮ್ಮ ದಮ್ಮಯ್ಯ."

ಜಯರಾಮಯ್ಯ ಏನೂ ತಿಳಿಯದೆ ಆಕ್ಸಿಲರೇಟರ್ ಒತ್ತಿದ. ಪೆದ್ದಮ್ಮ ಎರಡೂ ಕಿವಿ ಮುಚ್ಚಿಕೊಂಡಳು. ಅಂಗೈ ಕೆಳಗೆ ಟಕ್ ಟಕ್ ಟಕ್ ಟಕ್ ಎಂದು ಬೈಯುವಂತೆ, ಬಿಡದೆ ಬಡಿಯತೊಡಗಿತು. ಹಿದಾಯತುಲ್ಲಾನ ಕಣ್ಣಿನಿಂದ ನೀರು ಇಳಿದು ಗಡ್ಡಕ್ಕೆ ಬಂತು. ಅವನು ಡಿಸ್ಟ್ರಿಬ್ಯೂಟರನ್ನು ಅಲುಗಿಸಲಿಲ್ಲ.

ಆಮೇಲೆ ತಟ್ಟುವುದು ನಿಂತಿತು. ಇಂಜಿನ್ನು ಮಾತ್ರ ಹಾಗೇ ನಾಕ್ ಹೊಡೆಯುತ್ತಿತ್ತು. ಪೆದ್ದಮ್ಮ ಕಿವಿಯಿಂದ ಕೈ ತೆಗೆದಿರಲಿಲ್ಲ, ಜಯರಾಮಯ್ಯ ಏನೋ ಅರಚುತ್ತಿದ್ದ. ಹಿದಾಯತುಲ್ಲಾನಿಗೆ ಏನೂ ಅರ್ಥವಾಗಲಿಲ್ಲ. ಬಲಗೈಯನ್ನೂ ಇಂಜಿನ್ನಿನಿಂದ ತೆಗೆದು ತಗಡಿಗೆ ಊರಿದ. ಆಚೆಯಿಂದ ಚಿಲಕ ಸರಿಯುತ್ತಿರುವುದು ಅವನ ಎರಡೂ ಅಂಗೈಗೆ ತಿಳಿಯಿತು.